ಅಕ್ಷರದ ಹಿಂದಿನ ಬಣ್ಣ

ಕನ್ನಡ ಪಾಠ ಹೇಳುವವನಿಗೆ ಬಣ್ಣಗಳ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಕರಿಯ ಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದಿಂದ ಬರೆಯುವವನ ಮುಂದೆ ಬಣ್ಣದ ಪ್ರಶ್ನೆ ಏಳುವುದೇ ಇಲ್ಲ. ಅಕ್ಷರ ದುಂಡಗಿದೆಯೇ, ಕಡೆಯ ಬೆಂಚಿನವನಿಗೆ ಕಾಣುವಷ್ಟು ದೊಡ್ಡದಾಗಿದೆಯೇ, ಇಷ್ಟನ್ನು ನೋಡಿಕೊಂಡರೆ ಮೇಷ್ಟರ ಹೊಣೆ ಮುಗಿಯಿತು. ಆದರೆ ಕಾಲ ಬದಲಾಯಿತು. ಕರಿಯ ಹಲಗೆಯ ಪಕ್ಕದಲ್ಲಿ ಬಿಳಿಯ ಪರದೆ ಇಳಿಯಿತು. ಸೂರಿನಲ್ಲಿ ಪ್ರೊಜೆಕ್ಟರು ಕುಳಿತಿತು. ಮೇಜಿನ ಮೇಲೆ ಕಂಪ್ಯೂಟರು ಬಂತು. ಒಂದೇ ಬಣ್ಣದ ಸೀಮೆಸುಣ್ಣ ಹಿಡಿದಿದ್ದ ಕೈಗೆ ಒಮ್ಮೆಲೇ 1,67,77,216 ಬಣ್ಣಗಳು ದೊರೆತವು. ಬಡವನಿಗೆ ನಿಧಿ ಸಿಕ್ಕಿದಂತಾಯಿತು. ನಿಧಿ ಸಿಕ್ಕಿದ ಬಡವನು ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ.

ಷಟ್ಪದಿಯ ಪಾಠಕ್ಕಾಗಿ ಒಂದು ಪುಟವನ್ನು ಸಿದ್ಧಪಡಿಸಿದ್ದೆ. ಬರಿಯ ಬಿಳಿಯ ಹಿನ್ನೆಲೆ ನನಗೆ ಸೊಗಸಲಿಲ್ಲ. ಕಂಪ್ಯೂಟರು ತಾನಾಗಿ ಹೆಣೆದುಕೊಡುವ ಹಾಸುಗಳಲ್ಲಿ ಪಾಚಿಗಟ್ಟಿದ ಕಲ್ಲಿನ ಮೈಯನ್ನು ಹೋಲುವ ಹಸುರು ಹಾಸೊಂದನ್ನು ಆರಿಸಿದೆ. ಹಳೆಯ ಗುಡಿಯ ಗೋಡೆಯನ್ನು ನೆನಪಿಗೆ ತರುವ ಹಸುರು ಅದು. ಅಲ್ಲಲ್ಲಿ ತಿಳಿ, ಅಲ್ಲಲ್ಲಿ ಕಡು. ಅದರ ಮೇಲೆ ಬಿಳಿಯ ಅಕ್ಷರಗಳಲ್ಲಿ ಭಾಮಿನಿಯ ಆರು ಸಾಲು. ಪ್ರತಿ ಸಾಲಿನ ಎರಡನೆಯ ಅಕ್ಷರವನ್ನು, ಎಂದರೆ ಆದಿಪ್ರಾಸದ ಅಕ್ಷರವನ್ನು, ಕೆಂಪಿನಲ್ಲಿ ಬರೆದೆ. ಹಸುರಿನ ನಡುವೆ ಕೆಂಪು! ಎಲೆಗಳ ನಡುವೆ ದಾಸವಾಳ ಅರಳಿದಂತೆ ಕಂಡಿತು. ಅಂದು ನನ್ನ ರಸಿಕತೆಗೆ ನಾನೇ ತಲೆದೂಗಿದೆ.

ಮರುದಿನ ತರಗತಿಯಲ್ಲಿ ಪುಟವನ್ನು ಪರದೆಯ ಮೇಲೆ ಮೂಡಿಸಿ, ಮೂರನೆಯ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿ, "ಕೆಂಪು ಅಕ್ಷರಗಳನ್ನು ಒಂದೊಂದಾಗಿ ಓದಪ್ಪ" ಎಂದೆ. ಅವನು ಎದ್ದು ನಿಂತ, ಪರದೆಯನ್ನು ನೋಡಿದ, ನನ್ನನ್ನು ನೋಡಿದ, ತಲೆ ತಗ್ಗಿಸಿದ. ಎರಡನೆಯ ಬಾರಿ ಕೇಳಿದೆ. ಮಾತಿಲ್ಲ. ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದು ನಗೆ ಎದ್ದಿತು. ಆ ನಗೆಯನ್ನು ಅಡಗಿಸಬೇಕಾಗಿದ್ದ ನಾನು, ಅದಕ್ಕೆ ಇನ್ನಷ್ಟು ಎಣ್ಣೆ ಹೊಯ್ದೆ. "ಕಣ್ಣೆದುರಿಗಿರುವ ಅಕ್ಷರವೇ ಕಾಣದವನಿಗೆ ಕಾವ್ಯ ಎಲ್ಲಿ ಕಾಣುತ್ತದೆ? ಕುಳಿತುಕೊ" ಎಂದುಬಿಟ್ಟೆ. ತರಗತಿ ಘೊಳ್ಳೆಂದಿತು. ಚಮತ್ಕಾರದ ಮಾತು ಆಡಿದೆನೆಂದು ನನಗೂ ಒಳಗೊಳಗೆ ಹಿಗ್ಗು. ಮೇಷ್ಟರ ಚಮತ್ಕಾರಕ್ಕೆ ಬೆಲೆ ತೆರುವವರು ಯಾರೆಂಬುದು ಆ ಗಳಿಗೆಯಲ್ಲಿ ಮೇಷ್ಟರಿಗೆ ಹೊಳೆಯುವುದಿಲ್ಲ.

ಮುಂದಿನ ವಾರದಿಂದ ಆ ಹುಡುಗ ಮೂರನೆಯ ಬೆಂಚಿನಲ್ಲಿ ಕಾಣಲಿಲ್ಲ. ಕಡೆಯ ಬೆಂಚಿನ ಮೂಲೆಯಲ್ಲಿ ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಸೋಮಾರಿಯೆಂದುಕೊಂಡು ಸುಮ್ಮನಾದೆ. ತಿಂಗಳು ಕಳೆದ ಮೇಲೆ ಹಾಜರಿ ಕಡಿಮೆಯಾಯಿತೆಂದು ಅವನನ್ನು ಕೊಠಡಿಗೆ ಕರೆಸಿದಾಗ ಬಹಳ ಹೊತ್ತು ನೆಲ ನೋಡುತ್ತ ನಿಂತಿದ್ದು ಕೊನೆಗೆ ಹೇಳಿದ: "ಸಾರ್, ಆವತ್ತು ನನಗೆ ಅಲ್ಲಿ ಕೆಂಪು ಕಾಣಲಿಲ್ಲ. ಎರಡು ಕಡೆ ಏನೋ ಮಸುಕಾಗಿತ್ತು. ಉಳಿದ ಸಾಲುಗಳಲ್ಲಿ ಎರಡನೆಯ ಅಕ್ಷರವೇ ಇರಲಿಲ್ಲ. ಬಿಟ್ಟ ಸ್ಥಳ ತುಂಬಿ ಎಂದು ನೀವೇ ಬಿಟ್ಟಿದ್ದೀರಿ ಅಂದುಕೊಂಡಿದ್ದೆ." ಸ್ವಲ್ಪ ತಡೆದು, "ಇದನ್ನು ಯಾರಿಗೂ ಹೇಳಬೇಡಿ ಸಾರ್" ಎಂದು ಸೇರಿಸಿದ.

ನಾನು ಉತ್ತರ ಕೊಡಲಾರದೆ ಹೋದೆ. ಇಲ್ಲದ ದಡ್ಡತನವನ್ನು ಅವನ ಮೇಲೆ ಹೊರಿಸಿದ್ದೆ. ದಡ್ಡತನ ಇದ್ದದ್ದು ನನ್ನ ಪುಟದಲ್ಲಿ.

ಭೌತಶಾಸ್ತ್ರದ ಅಧ್ಯಾಪಕರಾದ ನನ್ನ ಮಿತ್ರರೊಬ್ಬರಲ್ಲಿಗೆ ಆ ಪುಟವನ್ನು ಒಯ್ದೆ. ಯಾವ ವಿದ್ಯಾರ್ಥಿಯೆಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. ಅವರು ಒಂದೆರಡು ಗುಂಡಿಗಳನ್ನು ಒತ್ತಿ, ಪುಟದಲ್ಲಿನ ಬಣ್ಣವನ್ನೆಲ್ಲ ಹಿಂಡಿ ತೆಗೆದು, ಬರಿಯ ಕಪ್ಪು ಬಿಳುಪಿನ ಚಿತ್ರವನ್ನಾಗಿ ಮಾಡಿ ನನ್ನ ಮುಂದಿಟ್ಟರು. ನೋಡಿ ಬೆರಗಾದೆ. ನನ್ನ ದಾಸವಾಳಗಳು ಮಾಯವಾಗಿದ್ದವು. ಆರು ಅಕ್ಷರಗಳಲ್ಲಿ ನಾಲ್ಕು, ಬೂದುಬಣ್ಣದ ಗೋಡೆಯಲ್ಲಿ ಬೂದುಬಣ್ಣವಾಗಿ ಕರಗಿಹೋಗಿದ್ದವು. ಬಿಳಿಯ ಅಕ್ಷರಗಳು ಕೂಡ ತಿಳಿಹಸುರಿನ ಮಚ್ಚೆಗಳ ಮೇಲೆ ಬಂದಲ್ಲೆಲ್ಲ ಸೊರಗಿದ್ದವು. ನನ್ನ ಪುಟವನ್ನು ಆ ಹುಡುಗ ಹೇಗೆ ಕಂಡನೆಂಬುದು ಹೆಚ್ಚುಕಡಿಮೆ ಹಾಗೆಯೇ ನನ್ನ ಕಣ್ಣ ಮುಂದೆ ಬಂದು ನಿಂತಿತು.

"ನಿಮ್ಮ ಛಂದಸ್ಸಿನಲ್ಲಿ ಅಕ್ಷರಗಳ ಎಣಿಕೆ ಬೇರೆ, ಮಾತ್ರೆಗಳ ಎಣಿಕೆ ಬೇರೆ ಅಲ್ಲವೇ?" ಎಂದರು ಮಿತ್ರರು. "ಹೌದು, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು" ಎಂದೆ. "ಬಣ್ಣಕ್ಕೂ ಮಾತ್ರೆಯಿದೆ. ನೀವು ಅಕ್ಷರ ಎಣಿಸಿದಿರಿ, ಮಾತ್ರೆ ಎಣಿಸಲಿಲ್ಲ" ಎಂದರು. ಈ ಒಂದು ಮಾತು ನನಗೆ ಹಲವು ತಿಂಗಳ ಓದಿಗೆ ದಾರಿಯಾಯಿತು.

ಕಂಪ್ಯೂಟರಿನ ಪರದೆಯ ಪ್ರತಿಯೊಂದು ಚುಕ್ಕೆಯೂ ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳ ಕೂಟ. ಒಂದೊಂದಕ್ಕೂ 0ಯಿಂದ 255ರವರೆಗೆ ಅಂಕ. ಈ ಮೂರು ಅಂಕಗಳ ಜೋಡಣೆಯಿಂದಲೇ ಮೇಲೆ ಹೇಳಿದ ಕೋಟಿಗೆ ಮೀರಿದ ಬಣ್ಣಗಳು ಹುಟ್ಟುತ್ತವೆ. ಯಂತ್ರದ ಮಟ್ಟಿಗೆ ಮೂರೂ ಸಮಾನ. ಮನುಷ್ಯನ ಕಣ್ಣಿಗೆ ಹಾಗಲ್ಲ. ಪೂರ್ಣ ಬಿಳುಪಿನ ಬೆಳಗನ್ನು ನೂರು ಎಂದಿಟ್ಟುಕೊಂಡರೆ, ಅದರಲ್ಲಿ ಹಸುರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು 7 ಮಾತ್ರ. ಆದ್ದರಿಂದ ಕೆಂಪು ಹಸುರುಗಳು ಕೂಡಿ ಆಗುವ ಅಚ್ಚ ಹಳದಿ ನೂರಕ್ಕೆ 93ರಷ್ಟು ಬೆಳಗುತ್ತದೆ. ಅಚ್ಚ ನೀಲಿ 7ರಷ್ಟು ಮಿಣುಕುತ್ತದೆ. ಆದರೆ ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಬಣ್ಣ ಆರಿಸಲು ರೂಢಿಯಾಗಿರುವ ಹಳೆಯ ಕ್ರಮವೊಂದಿದೆ. ಎಚ್‌ಎಸ್‌ವಿ, ಎಚ್‌ಎಸ್‌ಎಲ್ ಎಂಬ ಈ ಎರಡು ಪದ್ಧತಿಗಳೂ 1978ರಲ್ಲಿ ಪ್ರಕಟವಾದವು. ಅವುಗಳಲ್ಲಿ ಅಚ್ಚ ಹಳದಿಗೂ ಅಚ್ಚ ನೀಲಿಗೂ ಬೆಳಕಿನ ಅಂಕ ಒಂದೇ! ಲೆಕ್ಕ ಸುಲಭ, ಯಂತ್ರಕ್ಕೆ ಅನುಕೂಲ. ಕಣ್ಣಿಗೆ ಮಾತ್ರ ಅದು ಸುಳ್ಳು. ಗುರುವನ್ನೂ ಲಘುವನ್ನೂ ಒಂದೊಂದು ಅಕ್ಷರವೆಂದಷ್ಟೇ ಎಣಿಸಿ ಭಾಮಿನಿಯನ್ನು ಹಾಡಲು ಹೊರಟವನ ಗತಿಯೇ ಈ ಅಂಕಗಳನ್ನು ನಂಬಿದವನ ಗತಿ.

ಬಣ್ಣದ ಮಾತ್ರೆಯನ್ನು ಮೊದಲು ಕ್ರಮವಾಗಿ ಎಣಿಸಿದವರಲ್ಲಿ ಪ್ರಮುಖನಾದವನು ಗಣಿತಜ್ಞನಲ್ಲ, ಒಬ್ಬ ಚಿತ್ರಕಾರ ಮೇಷ್ಟರು ಎಂಬುದನ್ನು ಓದಿ ನನಗೆ ಸಂತೋಷವಾಯಿತು. ಅಮೆರಿಕದ ಬೋಸ್ಟನ್ ನಗರದಲ್ಲಿ ಚಿತ್ರಕಲೆಯನ್ನು ಬೋಧಿಸುತ್ತಿದ್ದ ಆಲ್ಬರ್ಟ್ ಮನ್ಸೆಲ್, ಸಂಗೀತಕ್ಕೆ ಸ್ವರಲಿಪಿಯಿರುವಂತೆ ಬಣ್ಣಕ್ಕೂ ಒಂದು ಲಿಪಿ ಬೇಕೆಂದು ಹಂಬಲಿಸಿ 1905ರಲ್ಲಿ ತನ್ನ ಪುಸ್ತಕವನ್ನು ಪ್ರಕಟಿಸಿದ. ಒಂದು ಬಣ್ಣಕ್ಕೆ ಮೂರು ಗುಣಗಳೆಂದು ಅವನ ಮತ. ಕೆಂಪೋ ಹಳದಿಯೋ ಎಂಬುದು ಒಂದು. ಎಷ್ಟು ತಿಳಿ, ಎಷ್ಟು ಕಡು ಎಂಬುದು ಎರಡು. ಎಷ್ಟು ಗಾಢ, ಎಷ್ಟು ಸಪ್ಪೆ ಎಂಬುದು ಮೂರು. ಹ್ಯೂ, ವ್ಯಾಲ್ಯೂ, ಕ್ರೋಮಾ ಎಂದು ಅವನು ಇವಕ್ಕೆ ಹೆಸರಿಟ್ಟ. ಮೊದಮೊದಲು ಎಲ್ಲ ಬಣ್ಣಗಳನ್ನೂ ಒಂದು ಅಂದವಾದ ಗೋಳದೊಳಗೆ ಕೂರಿಸಬೇಕೆಂದು ಅವನ ಆಸೆ. ಬಣ್ಣಗಳು ಕೂರಲಿಲ್ಲ. ಹಳದಿ ತನ್ನ ಪೂರ್ಣ ಗಾಢತೆಯನ್ನು ಪಡೆಯುವುದು ತಿಳಿಯಾಗಿರುವಾಗ. ನೀಲಿ ನೇರಿಳೆಗಳು ಪಡೆಯುವುದು ಕಡುವಾಗಿರುವಾಗ. ಕೊನೆಗೆ ಗೋಳ ಹೋಗಿ, ಕೊಂಬೆಗಳು ಒಂದೊಂದು ಕಡೆಗೆ ಒಂದೊಂದು ಉದ್ದಕ್ಕೆ ಚಾಚಿದ ಮರವಾಯಿತು. ಅಂದದ ಆಕೃತಿಗಾಗಿ ಸತ್ಯವನ್ನು ಒತ್ತದೆ, ಸತ್ಯ ಹೋದತ್ತ ಆಕೃತಿಯನ್ನು ಹೋಗಗೊಟ್ಟದ್ದು ಅವನ ದೊಡ್ಡತನ.

ಅವನ ತರುವಾಯ ಈ ಕೆಲಸ ವಿಜ್ಞಾನಿಗಳ ಕೈಗೆ ಬಂತು. ಬೆಳಕು ಬಣ್ಣಗಳ ಅಂತರರಾಷ್ಟ್ರೀಯ ಆಯೋಗ 1931ರಲ್ಲಿ ಕಣ್ಣಿನ ಅಳತೆಯ ಮೂಲ ಕೋಷ್ಟಕಗಳನ್ನು ಗೊತ್ತುಪಡಿಸಿತು. 1976ರಲ್ಲಿ ಸೀಲ್ಯಾಬ್ ಎಂಬ ಪದ್ಧತಿಯನ್ನು ಕೊಟ್ಟಿತು. ಅದರಲ್ಲಿ ಕಪ್ಪಿಗೆ 0, ಬಿಳುಪಿಗೆ 100. ನಡುವಿನ ಅಂಕಗಳು ಕಣ್ಣಿಗೆ ತೋರುವ ತಿಳಿತನವನ್ನು ಅನುಸರಿಸುತ್ತವೆ. ಈ ಅಳತೆಯಲ್ಲಿ ಅಚ್ಚ ಹಳದಿಗೆ 97, ಹಸುರಿಗೆ 88, ಕೆಂಪಿಗೆ 53, ನೀಲಿಗೆ 32. ಇನ್ನೂ ಒಂದು ವಿಚಿತ್ರ: ಕಪ್ಪು ಬಿಳುಪುಗಳ ನಟ್ಟನಡುವೆ ಇರುವಂತೆ ನಮಗೆ ಕಾಣುವ ಬೂದುಬಣ್ಣ, ಬಿಳುಪಿನ ಅರ್ಧದಷ್ಟು ಬೆಳಕನ್ನು ಬೀರುವುದಿಲ್ಲ, ನೂರಕ್ಕೆ 18ರಷ್ಟು ಬೀರಿದರೆ ಸಾಕು. ನಮ್ಮ ಕಣ್ಣು ಕತ್ತಲೆಯ ಕಡೆಯ ಚಿಕ್ಕ ವ್ಯತ್ಯಾಸಗಳನ್ನು ಹಿಗ್ಗಿಸಿ ನೋಡುತ್ತದೆ, ಬೆಳಕಿನ ಕಡೆಯವನ್ನು ಕುಗ್ಗಿಸಿ ನೋಡುತ್ತದೆ. ಸೀಲ್ಯಾಬಿನಲ್ಲಿಯೂ ಒಂದು ಕುಂದು ಉಳಿದಿತ್ತು. ನೀಲಿಯನ್ನು ಮೆಲ್ಲಗೆ ಬಿಳುಪಿನತ್ತ ಒಯ್ದರೆ ಅದು ನಡುದಾರಿಯಲ್ಲಿ ನೇರಿಳೆಗೆ ಹೊರಳುತ್ತಿತ್ತು. ಬಿಯೋರ್ನ್ ಒಟ್ಟೊಸನ್ ಎಂಬುವರು 2020ರಲ್ಲಿ ಪ್ರಕಟಿಸಿದ ಓಕೆಲ್ಯಾಬ್ ಪದ್ಧತಿ ಈ ಕುಂದನ್ನು ಬಹುಮಟ್ಟಿಗೆ ತಿದ್ದಿತು.

ಇನ್ನು ನನ್ನನ್ನು ಮರುಳುಗೊಳಿಸಿದ ಆ ಪಾಚಿಯ ಹಾಸಿನ ಕತೆ. ಯಂತ್ರವು ಪಾಚಿಯನ್ನು, ಮೋಡವನ್ನು, ಅಮೃತಶಿಲೆಯನ್ನು ಹೇಗೆ ಕಲ್ಪಿಸಿಕೊಳ್ಳುತ್ತದೆ? ಇದಕ್ಕೂ ಒಬ್ಬ ಕರ್ತೃವಿದ್ದಾನೆ. 1982ರಲ್ಲಿ ತೆರೆಕಂಡ 'ಟ್ರಾನ್' ಎಂಬ ಚಲನಚಿತ್ರಕ್ಕಾಗಿ ದುಡಿದವರಲ್ಲಿ ಕೆನ್ ಪರ್ಲಿನ್ ಒಬ್ಬರು. ಗಣಕಯಂತ್ರದ ಚಿತ್ರಗಳಲ್ಲಿ ಎದ್ದು ಕಾಣುತ್ತಿದ್ದ ಯಾಂತ್ರಿಕವಾದ ನುಣುಪು ಅವರಿಗೆ ಹಿಡಿಸಲಿಲ್ಲ. ಲೋಕದ ವಸ್ತುಗಳಲ್ಲಿ ಒಂದು ಒರಟು, ಒಂದು ಅನಿಶ್ಚಯ ಇದೆಯಲ್ಲ, ಅದನ್ನು ಯಂತ್ರಕ್ಕೆ ಕಲಿಸಬೇಕೆಂದು 1983ರಲ್ಲಿ ಒಂದು ಉಪಾಯ ಹೂಡಿದರು. 1985ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. 1997ರಲ್ಲಿ ಆಸ್ಕರ್ ನೀಡುವ ಅಕಾಡೆಮಿ ಅವರಿಗೆ ತಾಂತ್ರಿಕ ಪ್ರಶಸ್ತಿ ಕೊಟ್ಟಿತು. ಉಪಾಯ ಹೀಗಿದೆ: ಹಾಸಿನ ಮೇಲೆ ಕಣ್ಣಿಗೆ ಕಾಣದ ಚೌಕಗಳ ಬಲೆಯೊಂದನ್ನು ಹರಡುವುದು, ಬಲೆಯ ಒಂದೊಂದು ಗಂಟಿನಲ್ಲಿಯೂ ಒಂದೊಂದು ದಿಕ್ಕಿಗೆ ಇಳಿಜಾರನ್ನು ಅದೃಷ್ಟದಂತೆ ಇಡುವುದು, ಗಂಟು ಗಂಟುಗಳ ನಡುವೆ ಏರುತಗ್ಗುಗಳನ್ನು ನಯವಾಗಿ ಬೆಸೆಯುವುದು. ಆಮೇಲೆ ಇನ್ನೊಂದು ಬಲೆ, ಕಣ್ಣು ಅರ್ಧ, ಏರಿಳಿತವೂ ಅರ್ಧ. ಮತ್ತೊಂದು, ಇನ್ನೂ ಕಿರಿದು. ಇವೆಲ್ಲವನ್ನೂ ಕೂಡಿಸಿದರೆ ದೊಡ್ಡ ಬೆಟ್ಟದ ಮೇಲೆ ಸಣ್ಣ ದಿಣ್ಣೆ, ದಿಣ್ಣೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಹರಳು ಇರುವಂತಹ ಮೈ ಹುಟ್ಟುತ್ತದೆ.

ಇಲ್ಲಿಯವರೆಗೆ ಹುಟ್ಟಿದ್ದು ಬರಿಯ ಅಂಕಗಳು, ಬಣ್ಣವಿನ್ನೂ ಬಂದಿಲ್ಲ. ಯಾವ ಅಂಕಕ್ಕೆ ಯಾವ ಬಣ್ಣವೆಂದು ಗೊತ್ತುಮಾಡುವವನು ಮನುಷ್ಯ. ತಪ್ಪು ನಡೆಯುವ ಸ್ಥಳ ಇದೇ. ಅಂಕಗಳಿಗೆ ಕಾಮನಬಿಲ್ಲಿನ ಬಣ್ಣಗಳನ್ನು ಸಾಲಾಗಿ ಹಚ್ಚಿದನೆನ್ನಿ. ಅಂಕಗಳು ಒಂದೇ ಸಮನಾಗಿ ಏರಿದರೂ ಹಳದಿ ಬಂದ ಕಡೆ ದಿಬ್ಬವೆದ್ದಂತೆ ಹೊಳೆಯುತ್ತದೆ, ನೀಲಿ ಬಂದ ಕಡೆ ಹಳ್ಳ ಬಿದ್ದಂತೆ ಕುಸಿಯುತ್ತದೆ. ಇಲ್ಲದ ಬೆಟ್ಟ, ಇಲ್ಲದ ಕಣಿವೆ! ವಿಜ್ಞಾನದ ನಕಾಶೆಗಳಲ್ಲಿಯೇ ಈ ಮೋಸ ಬಹುಕಾಲ ನಡೆಯಿತು. ಅದನ್ನು ತಪ್ಪಿಸಲು 2015ರಲ್ಲಿ ವಿರಿಡಿಸ್ ಎಂಬ ಬಣ್ಣದ ಸರಣಿಯನ್ನು ರಚಿಸಿದರು. ಕಡುನೇರಿಳೆಯಿಂದ ಹೊರಟು ಹಸುರನ್ನು ಹಾದು ಹಳದಿಯನ್ನು ಮುಟ್ಟುವ ಆ ಸರಣಿಯಲ್ಲಿ ತಿಳಿತನ ಮೆಟ್ಟಿಲು ಹತ್ತಿದಂತೆ ಸಮನಾಗಿ ಏರುತ್ತದೆ. ಬಣ್ಣ ತೆಗೆದು ನೋಡಿದರೂ ಮೆಟ್ಟಿಲು ಮುರಿಯುವುದಿಲ್ಲ.

ಓದುವ ಅಕ್ಷರವನ್ನು ಹೊರಬೇಕಾದ ಹಾಸಿಗೆ ಇನ್ನೂ ಕಠಿಣವಾದ ನಿಯಮ ಬೇಕು. ಜಾಲಪುಟಗಳಿಗಾಗಿ 2008ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಒಂದು ಅಳತೆಯನ್ನು ನಿಗದಿಮಾಡಿತು. ಬಿಳುಪಿನ ಬೆಳಗನ್ನು ಒಂದು ಎಂದು ಹಿಡಿದು, ತಿಳಿಬಣ್ಣದ ಬೆಳಗಿಗೂ ಕಡುಬಣ್ಣದ ಬೆಳಗಿಗೂ 0.05ನ್ನು ಸೇರಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. ಕಪ್ಪು ಬಿಳುಪುಗಳಿಗೆ ಇದು 21 ಆಗುತ್ತದೆ, ಇದಕ್ಕಿಂತ ಹೆಚ್ಚಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5 ಆದರೂ ಇರಬೇಕು. ದೊಡ್ಡ ಅಕ್ಷರಕ್ಕೆ 3 ಆದೀತು. ಉತ್ತಮವೆನಿಸಬೇಕಾದರೆ 7 ಇರಬೇಕು. ಹಳದಿಯ ಮೇಲೆ ಬಿಳಿ ಬರೆದರೆ ಬರುವುದು 1.07, ನೀಲಿಯ ಮೇಲೆ ಬಿಳಿ ಬರೆದರೆ 8.6. ಅಚ್ಚ ಹಸುರಿನ ಮೇಲೆ ಅಚ್ಚ ಕೆಂಪು ಕೂಡ ಮೂರನ್ನು ಮುಟ್ಟುವುದಿಲ್ಲ.

ಈ ಕೋಲಿನಿಂದ ನನ್ನ ಪುಟವನ್ನು ಅಳೆದೆವು. ಹಾಸಿನ ತಿಳಿ ಮಚ್ಚೆಯ ಬೆಳಗು ನೂರಕ್ಕೆ 40, ಕಡು ಮಚ್ಚೆಯದು 10. ಬಿಳಿಯ ಅಕ್ಷರಕ್ಕೆ ಕಡುವಿನ ಮೇಲೆ 7 ದೊರೆತರೆ ತಿಳಿಯ ಮೇಲೆ ಬರಿಯ 2.3. ಕಪ್ಪಿನಲ್ಲಿ ಬರೆದಿದ್ದರೂ ಸಂಕಟ ತಪ್ಪುತ್ತಿರಲಿಲ್ಲ. ತಿಳಿಯ ಮೇಲೆ 9 ಬಂದರೂ ಕಡುವಿನ ಮೇಲೆ 3 ಬರುತ್ತಿತ್ತು. ನಡುಮಟ್ಟದ ತಿಳಿತನದ ಎರಡೂ ಕಡೆಗೆ ತೂಗಾಡುವ ಹಾಸಿನ ಮೇಲೆ ಯಾವ ಬಣ್ಣದ ಅಕ್ಷರಕ್ಕೂ ನೆಲೆಯಿಲ್ಲ. ಇನ್ನು ಕೆಂಪು: ಅದರ ಬೆಳಗು 13. ಕಡುಹಸುರಿನ ಮೇಲೆ ಅದಕ್ಕೆ ಬಂದ ಅಂಕ 1.2! ಅಲ್ಲಿ ಅಕ್ಷರವನ್ನು ಹಿನ್ನೆಲೆಯಿಂದ ಬೇರ್ಪಡಿಸುತ್ತಿದ್ದದ್ದು ಕೆಂಪು ಹಸುರುಗಳ ಭೇದವೊಂದೇ. ಆ ಭೇದವನ್ನು ಕಾಣದ ಕಣ್ಣಿಗೆ ಅಕ್ಷರವೇ ಇಲ್ಲ.

ಅಂತಹ ಕಣ್ಣುಗಳು ಅಪರೂಪವೇನಲ್ಲ. ಉತ್ತರ ಯೂರೋಪಿನ ಮೂಲದವರಲ್ಲಿ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗೆ ಕೆಂಪು ಹಸುರುಗಳ ವಿವೇಚನೆ ಕಷ್ಟ. ಇದಕ್ಕೆ ಕಾರಣವಾದ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ, ಆ ತಂತು ಒಂದೇ ಇರುವ ಗಂಡಸರಲ್ಲಿ ಇದು ಹೆಚ್ಚು. ಪರಮಾಣುವಾದವನ್ನು ಪ್ರತಿಪಾದಿಸಿದ ಜಾನ್ ಡಾಲ್ಟನ್ನನೇ ಇಂತಹವನು. ಹಗಲಿನಲ್ಲಿ ಆಕಾಶದ ನೀಲಿಯಂತೆ ಕಂಡ ಜೆರೇನಿಯಂ ಹೂ ದೀಪದ ಬೆಳಕಿನಲ್ಲಿ ಬೇರೆಯೇ ಬಣ್ಣ ತಳೆದದ್ದನ್ನೂ, ಇತರರಿಗೆ ಹಾಗೆ ಕಾಣದಿರುವುದನ್ನೂ ಗಮನಿಸಿ, 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯ ಮುಂದೆ ತನ್ನ ದೃಷ್ಟಿಯನ್ನು ತಾನೇ ವಿವರಿಸಿದ. ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕೆಂದು ಅವನ ಊಹೆ. ಸತ್ತ ಮೇಲೆ ಪರೀಕ್ಷಿಸಿ ನೋಡಿರೆಂದು ಹೇಳಿಟ್ಟಿದ್ದ. 1844ರಲ್ಲಿ ಅವನು ತೀರಿಕೊಂಡಾಗ ನೋಡಿದರು, ದ್ರವ ತಿಳಿನೀರಿನಂತಿತ್ತು. ಕಾಯ್ದಿಟ್ಟಿದ್ದ ಆ ಕಣ್ಣಿನ ಅಂಶದಿಂದ 1995ರಲ್ಲಿ ವಂಶವಾಹಿಯನ್ನು ಪರೀಕ್ಷಿಸಿ, ಹಸುರನ್ನು ಗ್ರಹಿಸುವ ಕೋಶಗಳ ವರ್ಣದ್ರವ್ಯ ಅವನಲ್ಲಿ ಇರಲಿಲ್ಲವೆಂದು ಕಂಡುಕೊಂಡರು. ಡಾಲ್ಟನ್ ವಿದ್ವತ್ಸಭೆಯಲ್ಲಿ ನಿಂತು ಹೇಳಿದ್ದನ್ನು ನನ್ನ ಹುಡುಗ ತರಗತಿಯಲ್ಲಿ ನಿಂತು ಹೇಳಲಾರದೆ ಹೋದ. ಸಭೆಗೂ ತರಗತಿಗೂ ಇರುವ ಈ ಅಂತರಕ್ಕೆ ನಾನೂ ಹೊಣೆ.

ಕಣ್ಣು ನೆಟ್ಟಗಿದ್ದವರನ್ನೂ ಬಣ್ಣ ವಂಚಿಸುತ್ತದೆ. ಪ್ಯಾರಿಸಿನ ಗೊಬೆಲಿನ್ ನೇಯ್ಗೆಯ ಕಾರ್ಖಾನೆಯಲ್ಲಿ 1824ರಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾದ ಶೆವ್ರೇಲ್ ಎಂಬ ರಸಾಯನವಿಜ್ಞಾನಿಗೆ ದೂರುಗಳು ಬಂದವು: ನೀಲಿ ನೇರಿಳೆಗಳ ಪಕ್ಕದಲ್ಲಿ ನೇಯ್ದ ಕಪ್ಪು ಸತ್ವಹೀನವಾಗಿದೆ ಎಂದು. ಬೇರೆ ಊರುಗಳ ಕಪ್ಪು ನೂಲನ್ನು ತರಿಸಿ ಹೋಲಿಸಿ ನೋಡಿದ. ನೂಲಿನಲ್ಲಿ ದೋಷವಿರಲಿಲ್ಲ, ನೆರೆಯ ಬಣ್ಣವೇ ಕಪ್ಪನ್ನು ಕೆಡಿಸುತ್ತಿತ್ತು. ಬಣ್ಣವೊಂದು ತನ್ನಷ್ಟಕ್ಕೆ ತಾನು ಏನೆಂಬುದಕ್ಕಿಂತ ಯಾರ ಪಕ್ಕದಲ್ಲಿದೆ ಎಂಬುದು ಮುಖ್ಯವೆಂದು ಅವನು 1839ರ ತನ್ನ ಗ್ರಂಥದಲ್ಲಿ ಸಿದ್ಧಪಡಿಸಿದ. ಶಬ್ದಕ್ಕೂ ಇದೇ ನ್ಯಾಯ ಸಲ್ಲುತ್ತದೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ನಾನು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ನಮ್ಮ ಹಳೆಯ ಪುಸ್ತಕಗಳತ್ತ ಹೋಗುತ್ತಿತ್ತು. ತಾಳೆಯೋಲೆಯ ಮೈಯೂ ಒಂದು ಹಾಸೇ. ಅದರಲ್ಲಿ ನಾರಿನ ಗೆರೆಗಳಿವೆ. ಲಿಪಿಕಾರ ಕಂಠದಿಂದ ಅಕ್ಷರ ಕೊರೆದ ಮೇಲೆ ಮಸಿಯನ್ನು ಸವರಿ ಒರೆಸುತ್ತಿದ್ದ. ಕೊರೆದ ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತಿತ್ತು. ತಿಳಿಯ ಮೇಲೆ ಕಡು. ಕಡತದಲ್ಲಿ ಇದು ತಿರುಗುಮುರುಗು: ಹುಣಿಸೆಬೀಜದ ಸರಿಗೆ ಇದ್ದಿಲಿನ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿದ ಕರಿಯ ಮೈಮೇಲೆ ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಕಡುವಿನ ಮೇಲೆ ತಿಳಿ. ಎರಡರಲ್ಲಿಯೂ ಹಾಸಿಗೆ ತನ್ನದೇ ಆದ ಮೈವಳಿಕೆಯಿದೆ, ಆದರೆ ಅದರ ಏರಿಳಿತ ತನ್ನ ಮೇರೆಯನ್ನು ಬಿಟ್ಟು ಅಕ್ಷರದ ಕಡೆಗೆ ಹೆಜ್ಜೆಯಿಡುವುದಿಲ್ಲ. ಅಂಗಳವನ್ನು ನೋಡಿ: ಸಗಣಿ ಸಾರಿಸಿದ ನೆಲದಲ್ಲಿ ಕೈಯಾಡಿದ ಗುರುತು ಎಷ್ಟೊಂದು! ಆದರೂ ಅವೆಲ್ಲ ಕಡುವಿನೊಳಗಿನ ಆಟ. ಮೇಲೆಳೆದ ರಂಗೋಲಿಯ ಬಿಳಿಯ ಎಳೆಗೆ ಅವುಗಳಿಂದ ಬಾಧೆಯಿಲ್ಲ. ಓಕೆಲ್ಯಾಬಿನ ಸೂತ್ರ ಹೇಳುವುದನ್ನು ನಮ್ಮ ತಾಯಂದಿರ ಕೈ ದಿನವೂ ಬೆಳಿಗ್ಗೆ ಮಾಡಿ ತೋರಿಸುತ್ತಿತ್ತು.

ಆ ಸೂತ್ರವನ್ನು ಹಿಡಿದು ಹೊಸ ಪುಟಕ್ಕೆ ಕೈಹಚ್ಚಿದೆ. ಮೊದಲು ಬಣ್ಣದ ಹೆಸರನ್ನು ಮರೆತು ತಿಳಿತನವನ್ನು ಗೊತ್ತುಮಾಡಿಕೊಂಡೆ. ಹಾಸಿನ ಅತ್ಯಂತ ಕಡು ಮಚ್ಚೆಗೂ ಸೀಲ್ಯಾಬಿನ ಅಳತೆಯಲ್ಲಿ 92ಕ್ಕೆ ಕಡಿಮೆಯಿಲ್ಲ, ಅತ್ಯಂತ ತಿಳಿಗೆ 96ಕ್ಕೆ ಮೇಲಿಲ್ಲ. ಈ ನಾಲ್ಕು ಅಂಕಗಳ ಓಣಿಯೊಳಗೆ ಪಾಚಿ ಎಷ್ಟು ಬೇಕಾದರೂ ಆಡಲಿ; ಹಸುರಿನಿಂದ ಹಳದಿಗೆ, ಹಳದಿಯಿಂದ ಕೆನೆಬಣ್ಣಕ್ಕೆ ಮೆಲ್ಲಗೆ ಸರಿಯಲಿ; ಗಾಢತೆ ಮಾತ್ರ ಸಪ್ಪೆಯಾಗಿಯೇ ಇರಲಿ. ಅಕ್ಷರಕ್ಕೆ ಕಪ್ಪಿಗೆ ಸಮೀಪವಾದ ಕಡುನೀಲಿ. ಅಳತೆ ಕಡು ಮಚ್ಚೆಯ ಮೇಲೆ 12, ತಿಳಿಯ ಮೇಲೆ 13ಕ್ಕೂ ಮಿಗಿಲು ಬಂತು. ಸರಾಸರಿಯನ್ನು ನಂಬದೆ ಅತ್ಯಂತ ಕೆಟ್ಟ ಸ್ಥಳವನ್ನು ಹುಡುಕಿ ಅಳೆಯಬೇಕೆಂಬುದು ನಾನು ಕಲಿತ ಪಾಠ. ಸರಪಳಿಯ ಬಲ ಅದರ ಸೊರಗಿದ ಕೊಂಡಿಯಲ್ಲಿರುವಂತೆ. ಪ್ರಾಸಾಕ್ಷರಗಳಿಗೆ ಕಡುಗೆಂಪನ್ನು ಇಟ್ಟುಕೊಂಡೆ, ಆದರೆ ಅದೊಂದನ್ನೇ ನೆಚ್ಚಲಿಲ್ಲ. ಅಕ್ಷರವನ್ನು ದಪ್ಪಗೆ ಮಾಡಿ ಅಡಿಗೆರೆ ಎಳೆದೆ. ಬಣ್ಣ ಹೇಳುವುದನ್ನು ಗೆರೆಯೂ ಹೇಳಲಿ; ಒಬ್ಬನಿಗೆ ಒಂದು ಕಾಣದಿದ್ದರೆ ಇನ್ನೊಂದು ಕಂಡೀತು. ಮಧ್ಯಾಹ್ನ ಕಿಟಕಿಯ ಬಿಸಿಲು ಪರದೆಯ ಮೇಲೆ ಬಿದ್ದಾಗ ಪ್ರೊಜೆಕ್ಟರಿನ ಕಪ್ಪು ಬೂದಿಯಾಗಿಬಿಡುತ್ತದೆಯಾದ್ದರಿಂದ, ನಿಯಮ ಕೇಳುವ 4.5ಕ್ಕೆ ತೃಪ್ತನಾಗದೆ ಇಷ್ಟು ಮೇಲಕ್ಕೆ ಹೋಗಬೇಕಾಯಿತು.

ಮುಂದಿನ ಪಾಠದ ದಿನ ತರಗತಿಯಲ್ಲಿ ಒಂದು ಮಾತು ಹೇಳಿದೆ. ಆಡಿದ ಮಾತು ಎಲ್ಲರ ಮುಂದೆ ಆಡಿದ್ದು. ಹಿಂದಕ್ಕೆ ತೆಗೆದುಕೊಳ್ಳಬೇಕಾದದ್ದೂ ಎಲ್ಲರ ಮುಂದೆಯೇ. ಆದರೆ ಅವನ ಗುಟ್ಟನ್ನು ಕಾಯಬೇಕಾಗಿತ್ತು. "ಕಳೆದ ತಿಂಗಳು ನಾನು ತೋರಿಸಿದ ಪುಟವನ್ನು ಅಳೆದು ನೋಡಿದೆ. ಅದು ಓದಲು ಬರುವಂತಿರಲಿಲ್ಲ. ಓದಲಾರದವನ ತಪ್ಪೇನೂ ಇರಲಿಲ್ಲ, ತಪ್ಪು ಬರೆದವನದು. ಆ ದಿನ ನಾನಾಡಿದ ಮಾತು ನನಗೇ ಸಲ್ಲುತ್ತದೆ" ಎಂದೆ. ಯಾರೂ ನಗಲಿಲ್ಲ. ಕಡೆಯ ಬೆಂಚಿನ ಮೂಲೆಯಲ್ಲಿ ಹುಡುಗ ತಲೆಯೆತ್ತಿ ಪರದೆಯನ್ನು ನೋಡುತ್ತಿದ್ದ.

ತರಗತಿ ಮುಗಿದ ಮೇಲೆ ಅವನು ಮೇಜಿನ ಬಳಿಗೆ ಬಂದ. ಕೃತಜ್ಞತೆ ಹೇಳುತ್ತಾನೇನೋ ಎಂದು ನನ್ನ ಅಹಂಕಾರ ಕಾಯುತ್ತಿತ್ತು. "ಸಾರ್, ಮೂರನೆಯ ಸಾಲಿನಲ್ಲಿರುವುದು ಮಗಳ ಎಂದೋ ಮಂಗಳ ಎಂದೋ?" ಎಂದು ಕೇಳಿದ. "ಮಗಳ" ಎಂದೆ. "ಹಾಗಾದರೆ ಅಲ್ಲಿ ಒಂದು ಮಚ್ಚೆ ಸೊನ್ನೆಯ ಹಾಗೆ ಕೂತಿದೆ ಸಾರ್" ಎಂದ. ಹತ್ತಿರ ಹೋಗಿ ನೋಡಿದೆ. ನಿಜ. ಹಾಸಿನ ಒಂದು ದುಂಡು ಮಚ್ಚೆ, ಅಕ್ಷರದ ಎಳೆಯಷ್ಟೇ ಗಾತ್ರದ್ದು, ಮಕಾರ ಗಕಾರಗಳ ನಡುವೆ ಬಂದು ಕುಳಿತಿತ್ತು. ನನ್ನ ಅಳತೆಗಳೆಲ್ಲ ಬಣ್ಣದ ತಿಳಿತನವನ್ನು ಕುರಿತವು. ಮಚ್ಚೆಯ ಗಾತ್ರವನ್ನು ನಾನು ಎಣಿಸಿಯೇ ಇರಲಿಲ್ಲ. ತೀರ ಮಸುಕಾಗಿದ್ದರೂ ಅದು ಅಕ್ಷರದ ವೇಷ ತೊಟ್ಟಿತ್ತು. ನಮ್ಮ ಲಿಪಿಯಲ್ಲಿ ಒಂದು ಸೊನ್ನೆ, ಒಂದು ಸೀಳು, ಒಂದು ಒತ್ತು ಎಷ್ಟು ಅರ್ಥವನ್ನು ಹೊರುತ್ತವೆ! ಕೆಳಗೊಂದು ಸಣ್ಣ ಗೀರು ಬಿದ್ದರೆ ದನ ಧನವಾಗುತ್ತದೆ. ಇಂತಹ ಲಿಪಿಯ ಹಿಂದೆ ನಿಲ್ಲುವ ಹಾಸಿನ ಮಚ್ಚೆಗಳು ಅಕ್ಷರಕ್ಕಿಂತ ಬಹಳ ದೊಡ್ಡವಾಗಿ, ಅಂಚು ಮೆತ್ತಗಾಗಿ ಹರಡಿಕೊಂಡಿರಬೇಕು. ತಂಬೂರಿಯ ಶ್ರುತಿ ಹಾಡಿನ ಹಿಂದೆ ಹರಡಿಕೊಂಡಿರುವಂತೆ.

ಅಂದು ಸಂಜೆ ನಾವಿಬ್ಬರೂ ಕುಳಿತು ಬಲೆಯ ಕಣ್ಣುಗಳನ್ನು ಹಿಗ್ಗಿಸಿದೆವು. ಅತ್ಯಂತ ಕಿರಿದಾದ ಎರಡು ಬಲೆಗಳನ್ನು ತೆಗೆದುಹಾಕಿದೆವು. 'ಮಗಳ' ಮತ್ತೆ 'ಮಗಳ' ಆದಳು. ಈಗ ನನ್ನ ಪ್ರತಿಯೊಂದು ಪುಟವೂ ತರಗತಿಗೆ ಹೋಗುವ ಮುನ್ನ ಅವನ ಕಣ್ಣ ಮುಂದೆ ಹಾದುಹೋಗುತ್ತದೆ. ಹೆಸರು ಬೇಡವೆಂಬ ಷರತ್ತಿನ ಮೇಲೆ ಇದನ್ನು ಬರೆಯಲು ಒಪ್ಪಿದವನೂ ಅವನೇ. ಅವನು ಒಪ್ಪಿದ ಪುಟವನ್ನು ಕಡೆಯ ಬೆಂಚಿನವರು ಯಾರೂ ಇದುವರೆಗೆ ಕಾಣದೆಂದು ದೂರಿಲ್ಲ.